ಹಂಪಿಯಲ್ಲಿ ಅವ್ವ ಕೂತ ಒಂದು ತಾಸು

ಡೀಸೆಲ್ ಹೊಗೆಗೆ ಮೊಸರುಬುತ್ತಿಯ ಹುಳಿವಾಸನೆ ಬೆರೆತರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಎಲ್ಲರೂ ಹೊರಟುಬಿಟ್ಟರು, ನಾನೊಬ್ಬಳೇ ಉಳಿದೆ ಎಂದು ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಲುವೆ ನೀರಿನ ಭತ್ತ ಕೈಹಿಡಿದು ಕಂಪ್ಲಿಯ ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದಮೇಲೆ, ವರ್ಷಕ್ಕೆ ಮೂರು ನಾಲ್ಕು ಸಲ ಹಂಪಿಗೆ ಹೋಗಿ ಬರುತ್ತಿದ್ದೆವು. ಟ್ರೇಲರಿನಲ್ಲಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನ. ಜಮಖಾನದ ಮೇಲೆ ಅಜ್ಜಿ, ಅವ್ವ, ನಾವು ಐದು ಮಕ್ಕಳು, ಬುತ್ತಿಯ ಗಂಟು. ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಇದ್ದಿರಬೇಕು. ಈಗ ಅದರ ಗುಜರಿಯೂ ಉಳಿದಿರಲಾರದು.

ಅಪ್ಪನ ಜೊತೆ ಹಂಪಿ ನೋಡುವುದೆಂದರೆ ಬೆಂಕಿ ಬಿದ್ದ ಮನೆಯಲ್ಲಿ ಸಾಮಾನು ಹುಡುಕಿದ ಹಾಗೆ. ಸಂಜೆ ನಮ್ಮ ಗದ್ದೆಗೆ ನೀರಿನ ಪಾಳಿ. ತಡವಾದರೆ ಮೇಲಿನ ಹೊಲದವರು ನೀರು ತಿರುಗಿಸಿಕೊಂಡಾರೆಂಬ ಭಯ ಅವನಿಗೆ. ವಿರೂಪಾಕ್ಷನಿಗೆ ಕೈಮುಗಿದು, ನರಸಿಂಹನಿಗೆ ದೂರದಿಂದಲೇ ನಮಸ್ಕಾರ ಹಾಕಿ, ಕಮಲಮಹಲಿನ ಮುಂದೆ "ನೋಡಿದ್ರಿಲ್ಲ? ನಡೀರಿ ಜಲ್ದಿ" ಅನ್ನುತ್ತಿದ್ದ. ಅವನು ನಿಲ್ಲುತ್ತಿದ್ದುದು ಒಂದೇ ಕಡೆ, ಅರಮನೆಯ ಬಯಲಿನಲ್ಲಿ ನೀರು ಹರಿಯಲೆಂದು ಕಟ್ಟಿದ ಕಲ್ಲಿನ ಕಾಲುವೆಯ ಹತ್ತಿರ. ಬಗ್ಗಿ, ಒಂದು ಕಣ್ಣು ಮುಚ್ಚಿ, ಅದರ ಇಳಿಜಾರು ನೋಡಿ "ಏನ್ ಮಟ್ಟಾ ಹಿಡದಾರಲೇ!" ಎಂದು ತಲೆದೂಗುತ್ತಿದ್ದ. ಅರಸರ ಹೆಸರು ಅವನಿಗೆ ಒಂದೂ ನೆನಪಿರುತ್ತಿರಲಿಲ್ಲ.

ಅವ್ವನ ಆಸೆ ಸಣ್ಣದು. ಬಾಳೆತೋಟಗಳ ನಡುವೆ ಹರಿಯುವ ಹಳೇ ಕಾಲುವೆಯ ದಂಡೆಯಲ್ಲಿ ಕಾಲು ಇಳಿಬಿಟ್ಟು ಸುಮ್ಮನೆ ಕೂರಬೇಕು, ಅಷ್ಟೇ. "ಒಂದ್ಸಲರ ಕುಂದ್ರಾಕ ಬಿಡ್ರಿ," ಅನ್ನುತ್ತಿದ್ದಳು. "ಮುಂದಿನ ಸಲ ಕುಂದ್ರೂವಂತಿ," ಅನ್ನುತ್ತಿದ್ದ ಅಪ್ಪ. ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿದವಳು ನಮಗೆಲ್ಲ ಬಡಿಸುತ್ತ ತಾನು ನಿಂತೇ ಉಣ್ಣುತ್ತಿದ್ದಳು. ಹೊರಡುವಾಗ ನಮ್ಮೈವರನ್ನೂ ಅಜ್ಜಿಯನ್ನೂ ತಲೆ ಮುಟ್ಟಿ ಎಣಿಸಿ, ಆರು ಆದಮೇಲೆ "ಹೂಂ, ಹೊಂಡ್ರಿ" ಅನ್ನುವುದೂ ಅವಳದೇ ಕೆಲಸ. ಆ ಮಾತು ಕೇಳದೆ ಅಪ್ಪ ಕ್ಲಚ್ ಬಿಡುತ್ತಿರಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ. ಊಟವಾಗಿತ್ತು, ಅವ್ವ ಪಾತ್ರೆ ತೊಳೆಯಲು ಕಾಲುವೆಗೆ ಇಳಿದಿದ್ದಳು, ಅಪ್ಪ ಆಗಲೇ ಎಂಜಿನ್ ಚಾಲೂ ಮಾಡಿ ಚಡಪಡಿಸುತ್ತಿದ್ದ. "ಎಲ್ಲಾರೂ ಅದಾರೇನ್ ನೋಡವ್ವ," ಎಂದು ಹಿಂತಿರುಗದೆ ನನ್ನನ್ನು ಕೂಗಿದ. ನನ್ನನ್ನು ಕೇಳಿದನಲ್ಲ ಎಂಬ ಹೆಮ್ಮೆಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಅವ್ವನ ಹಾಗೆಯೇ ತಲೆ ಮುಟ್ಟಿ ಮುಟ್ಟಿ ಎಣಿಸಿದೆ. "ಆರ್ ಮಂದಿ ಅದೀವಿ! ಹೂಂ, ಹೊಂಡ್ರಿ!" ಅವ್ವ ಎಂದೂ ತನ್ನನ್ನು ಎಣಿಸಿಕೊಂಡವಳಲ್ಲ, ನಾನೂ ಅವಳನ್ನು ಎಣಿಸಲಿಲ್ಲ. ಅಜ್ಜಿ ಧೂಳಿಗೆ ಮುಖದ ತುಂಬ ಸೆರಗು ಹೊದ್ದು ಮಲಗಿದ್ದಳು. ಬುಕ್ಕಸಾಗರದ ಹತ್ತಿರ ತಮ್ಮ "ಅವ್ವಾ, ನೀರು" ಅಂದ. ಯಾರೂ ಕೊಡಲಿಲ್ಲ. ಆಗ ತಿರುಗಿ ನೋಡಿದೆ.

ಅಪ್ಪ ನನ್ನನ್ನು ಬೈಯಲಿಲ್ಲ, ಗಾಡಿ ತಿರುಗಿಸಿದ. ಅವ್ವ ಅಳುತ್ತ ರಸ್ತೆಯಲ್ಲಿ ಓಡಿ ಬರುತ್ತಿರಬಹುದೆಂದು ದಾರಿಯುದ್ದಕ್ಕೂ ಕಣ್ಣು ಕೀಲಿಸಿ ಅತ್ತೆ. ಅವಳು ಕಾಲುವೆ ದಂಡೆಯಲ್ಲಿ ಕೂತಿದ್ದಳು. ತೊಳೆದ ಪಾತ್ರೆಗಳನ್ನು ಬೋರಲು ಹಾಕಿ, ಸೀರೆ ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀರಿನಲ್ಲಿ ಬಿಟ್ಟಿದ್ದಳು. ಸದ್ದಿಗೆ ತಿರುಗಿದ ಆ ಮುಖದಲ್ಲಿ ಗಾಬರಿಯಿರಲಿಲ್ಲ.

"ಇಷ್ಟ್ ಜಲ್ದಿ ಬಂದ್ರ್ಯಾ?" ಅಂದಳು.

ಅಪ್ಪ ಎಂಜಿನ್ ಆರಿಸಿದ. ಹಂಪಿಯಲ್ಲಿ ಅವನು ಪಾಳಿ ಮರೆತು ಎಂಜಿನ್ ಆರಿಸಿದ್ದು ಅದೊಂದೇ ಸಲ. "ಬೇಕಾದ್ರ ಇನ್ನೊಂಚೂರು ಕುಂದ್ರು," ಅಂದ. "ಬ್ಯಾಡ ಬಿಡ್ರಿ, ಪಾಳಿ ತಪ್ಪತೈತಿ," ಎಂದು ಅವ್ವ ಒದ್ದೆ ಕಾಲಲ್ಲೇ ಟ್ರೇಲರ್ ಹತ್ತಿ, ನಮ್ಮನ್ನು ಎಣಿಸತೊಡಗಿದಳು.

ಇಬ್ಬರೂ ಹೋಗಿ ವರ್ಷಗಳಾದವು. ನಾನೀಗ ಅಂದಿನ ಅವ್ವನಿಗಿಂತ ದೊಡ್ಡವಳು. ಹಂಪಿಗೆ ಹೋದರೆ ಅಪ್ಪನ ಹಾಗೆಯೇ ಗಡಿಯಾರ ನೋಡುತ್ತೇನೆ. ನಮ್ಮನ್ನು ಕಾಣದೆ ಅವಳು ಅಳಲಿಲ್ಲವಲ್ಲ ಎಂಬ ಸಿಟ್ಟು ಬಹಳ ಕಾಲ ನನ್ನೊಳಗಿತ್ತು. ಈಗ ಅದಿಲ್ಲ. ತಮ್ಮನಿಗೆ ಅರ್ಧ ತಾಸು ತಡವಾಗಿ ಬಾಯಾರಿದ್ದರೆ ಅವ್ವ ಇನ್ನಷ್ಟು ಹೊತ್ತು ಕೂತಿರುತ್ತಿದ್ದಳು.