ಗೋಪಿಬಾಯಿಯ ತಲೆಯಿಲ್ಲದ ಗೇದರ

ಮುಂಡಗೋಡದ ವಾರದ ಸಂತೆಯಲ್ಲಿ ಹದಿನಾರು ವರ್ಷದಿಂದ ಮೀನು ಮಾರುವ ತಾಂಡಾದ ಗೋಪಿಬಾಯಿ ಈತನಕ ಸಮುದ್ರದ ನೀರಿಗೆ ಕಾಲಿಟ್ಟವಳಲ್ಲ. ಕಾರವಾರದ ಬಂದರಿಗೆ ಹೋಗುತ್ತಾಳೆ, ಬಂಗುಡೆ ಕೊಳ್ಳುತ್ತಾಳೆ, ಅಲೆಗೆ ಬೆನ್ನು ತಿರುಗಿಸಿ ಬಸ್ಸು ಹತ್ತುತ್ತಾಳೆ. ಗಿರಾಕಿಗಳಿಗೆ ಪಾಠ ಹೇಳುವಾಗ ಮಾತ್ರ ಅವಳೇ ಕಡಲಿನ ಒಡತಿ. "ಕಣ್ಣ ನೋಡ್ರಿ, ಕಿವಿರು ನೋಡ್ರಿ. ಮಾರಿ ನೋಡದ ಮೀನ ತಗೋಬ್ಯಾಡ್ರಿ, ಮದಿವಿನೂ ಆಗಬ್ಯಾಡ್ರಿ."

ಈ ವಾರ ಬಂಗುಡೆ ಇರಲಿಲ್ಲ. ಅದರದೇ ಬಳಗದ, ತೊಡೆಗಾತ್ರದ ಗೇದರ ಮೀನು ಸಿಕ್ಕಿತು. ಕಂಡಕ್ಟರ್, "ಮೀನಿಗೆ ಮುಚ್ಚಳ ಇದ್ರ ಹತ್ತು, ಇಲ್ಲಂದ್ರ ಇಳಿ" ಅಂದ. ಅಷ್ಟುದ್ದದ್ದು ಡಬ್ಬಿಯಲ್ಲಿ ಹಿಡಿಯಬೇಕಲ್ಲ! ತಲೆ, ಬಾಲ, ತೊಗಲು, ನಡುಮುಳ್ಳು ಎಲ್ಲ ತೆಗೆದೆಸೆದು, ತುಂಡು ಮಾಡಿ ತುಂಬಿದಳು.

ಸಂತೆಯಲ್ಲಿ ಮುಚ್ಚಳ ತೆಗೆದರೆ ಕಡುಗೆಂಪು ತುಂಡುಗಳು. ಹಳೆಯ ಗಿರಾಕಿ ಸುಶೀಲವ್ವ ಮೂಗಿಗೆ ಸೆರಗು ಹಿಡಿದಳು.

"ಏ ಗೋಪಿ, ಇದು ಮೀನಲ್ಲ. ಎಮ್ಮಿ ಐತಿ."

"ಎಮ್ಮಿ ತರಾಕ ಕಾರವಾರಕ್ಕ ಯಾಕ ಹೋಗ್ಲೆವ್ವಾ? ನಿಮ್ಮ ಓಣ್ಯಾಗ ಇಲ್ಲೇನ?"

"ಹಂಗಾರ ತಲಿ ತೋರ್ಸು."

ತಲೆ ಕಾರವಾರದ ಕಾಗೆಗಳ ಪಾಲಾಗಿತ್ತು. ಜನ ಸೇರಿದರು. ಮೀನೆಂದು ಬೇರೇನೋ ಮಾರುತ್ತಾಳೆ ಎಂಬ ಮಾತು ಸಂತೆಯ ಆ ತುದಿ ಮುಟ್ಟಿದರೆ, ಮುಂದಿನ ವಾರ ಡಬ್ಬಿ ಇಡಲು ತನಗೆ ಜಾಗವಿಲ್ಲ ಎಂದು ಗೋಪಿಬಾಯಿಗೆ ಗೊತ್ತು.

ಪಕ್ಕದಲ್ಲಿ ಖಾರ, ಹುಣಸೆ ಮಾರುವ ಅಡಿವೆಯ್ಯ ಕೊರಳಲ್ಲಿ ಲಿಂಗವಿದ್ದವನು, ಮೀನು ಮುಟ್ಟದವನು. ಆದರೆ ಅವಳ ಮೀನು ಹೋದರಷ್ಟೇ ಅವನ ಹುಣಸೆ ಹೋಗುವುದು. "ನಾ ಹೇಳ್ತೀನಿ, ಮೀನ ಐತಿ" ಎಂದ.

"ನಿಮಗೇನ ಗೊತ್ರೀ ಅಯ್ನಾರ? ತಿಂದೀರೇನ?" ಎಂದಳು ಸುಶೀಲವ್ವ.

ಅಡಿವೆಯ್ಯ ತಲೆ ಬಗ್ಗಿಸಿ ಹುಣಸೆಯ ನಾರು ಬಿಡಿಸತೊಡಗಿದ.

ಗೋಪಿಬಾಯಿ ಚಹಾದಂಗಡಿಯ ಸ್ಟೋವ್ ಎಳೆತಂದಳು. ಅಡಿವೆಯ್ಯನದೇ ಖಾರ ಬಳಿದು ಕರಿದು, ಮೊದಲ ತುಂಡು ತಾನೇ ತಿಂದಳು. ಸುಶೀಲವ್ವ ಬರೀ ಪರೀಕ್ಷೆಗೆಂದು ಒಂದು ತಿಂದಳು. ಪರೀಕ್ಷೆ ಸಾಲದೆಂದು ಇನ್ನೊಂದು. ಮೂರಾದರೂ ತೀರ್ಪಿಲ್ಲ. ನಾಲ್ಕನೆಯದಕ್ಕೆ ಥಟ್ಟನೆ ನಿಂತು, ಹಲ್ಲಿನ ಸಂದಿಗೆ ಉಗುರು ಹಾಕಿ, ಕತ್ತಿಗೆ ತಪ್ಪಿಸಿಕೊಂಡಿದ್ದ ಸಣ್ಣ ಮುಳ್ಳೊಂದನ್ನು ಎಳೆದು ಎತ್ತಿ ಹಿಡಿದಳು.

"ಮುಳ್ಳ ಐತಿ! ಬರೋಬ್ಬರಿ ಮೀನ!"

ಜನ ಡಬ್ಬಿಗೆ ಮುಗಿಬಿದ್ದರು. ಸುಶೀಲವ್ವ ಮುಳ್ಳು ಹಿಡಿದು ಬಂದವರಿಗೆಲ್ಲ ಸಾಕ್ಷಿ ತೋರಿಸುತ್ತ ನಿಂತಳು. ಮುಗಿಸಿ ತಿರುಗಿದರೆ ಡಬ್ಬಿಯ ತಳ ಕಾಣುತ್ತಿತ್ತು.

"ನನಗ?"

"ನಾಕ ತುಂಡ ತಿಂದಿಯಲ್ಲ ಬೇ," ಗೋಪಿಬಾಯಿ ಕತ್ತಿ ತೊಳೆಯುತ್ತ ಅಂದಳು, "ಹೊಟ್ಟ್ಯಾಗ ಹುಡುಕ."