ಸೂಜಿ ಚುಚ್ಚುವ ಮೊದಲಿನ ಒಂದು ಮಾತು

ಬೆಳಗಿನ ಆರು ಗಂಟೆ. ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೋಣೆಯ ಮುಂದೆ ಆಗಲೇ ಹನ್ನೊಂದು ಜನ ಕೂತಿದ್ದಾರೆ. ಒಳಗೆ ರಕ್ತ ತೆಗೆಯುವ ಸೂಜಿಯಕ್ಕ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ಮುಟ್ಟಿದರೆ ನರ ಹೆದರಿ ಒಳಗೆ ಓಡುತ್ತದಂತೆ.

ಮೊದಲು ಬಂದವರು ಒಬ್ಬ ಟೈಲರಮ್ಮ. ಸೀಲಿಯಾಕ್ ಇದೆಯೇ ಎಂದು ನೋಡಲು ಡಾಕ್ಟರು ಬರೆದ ಚೀಟಿ ಕೈಯಲ್ಲಿದೆ. ಗೋಧಿ ತಿಂದರೆ ದೇಹವೇ ತನ್ನ ಕರುಳಿನ ಮೇಲೆ ತಿರುಗಿಬೀಳುವ ಕಾಯಿಲೆ ಅದು. ತೋಳಿಗೆ ಪಟ್ಟಿ ಬಿಗಿಯುವ ಮುಂಚೆಯೇ ಸೂಜಿಯಕ್ಕ ಕೇಳುತ್ತಾರೆ, "ಬ್ರೆಡ್ಡು, ಬಿಸ್ಕತ್ತು ತಿಂತಾ ಇದ್ದೀರಾ?"

"ಅಯ್ಯೋ, ಬಿಟ್ಟು ಎರಡು ತಿಂಗಳಾಯ್ತು! ಹೊಟ್ಟೆ ಉಬ್ಬರ ಈಗ ಎಷ್ಟೋ ವಾಸಿ."

ಸೂಜಿಯಕ್ಕ ಸೂಜಿ ಕೆಳಗಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತಾರೆ. ಗೋಧಿ ಬಿಟ್ಟವರ ರಕ್ತದಲ್ಲಿ ಕಾಯಿಲೆಯ ಗುರುತು ಮಾಸುತ್ತಾ ಹೋಗುತ್ತದೆ. ಇದ್ದ ರೋಗವನ್ನೇ ರಿಪೋರ್ಟು ಇಲ್ಲ ಅನ್ನಬಹುದು. ಡಾಕ್ಟರು ಹೇಳುತ್ತಾರೆ: ಆರು ವಾರ ದಿನಾ ಬ್ರೆಡ್ ತಿಂದು ಮತ್ತೆ ಬರಲಿ.

"ಅಂಗಡಿ ಬಾಗಿಲು ಹಾಕಿ ಬಂದಿದ್ದೀನ್ರೀ!" ಟೈಲರಮ್ಮ ರೇಗುತ್ತಾರೆ.

"ಕಾಯಿಲೆ ಅವಿತುಕೊಂಡಿದೆ ತಾಯಿ. ತಿಂದು ಬನ್ನಿ, ತಾನೇ ಹೊರಗೆ ಬರುತ್ತೆ."

ಸೂಜಿಯಕ್ಕನದು ಇಪ್ಪತ್ತಾರು ವರ್ಷದಿಂದ ದಿನಕ್ಕೆ ಎಪ್ಪತ್ತು ತೋಳು. ಹಸುಗೂಸಿನ ದಾರದಂಥ ನರವೂ ಸೈ, ಮುದುಕರ ಜಾರುವ ನರವೂ ಸೈ. ಬೆನ್ನು ಹಿಡಿದುಕೊಂಡಿದೆ, ತಿಂಡಿ ನಿಂತಲ್ಲೇ ಆಗುತ್ತದೆ. ರಿಪೋರ್ಟಿನಲ್ಲಿ ಡಾಕ್ಟರ ಸಹಿ ಇರುತ್ತದೆ, ಇವರ ಹೆಸರು ಎಲ್ಲೂ ಇರುವುದಿಲ್ಲ. ಯಾವ ಚೀಟಿಯಲ್ಲೂ ಇಲ್ಲದ ಆ ಒಂದು ಪ್ರಶ್ನೆ ಎಷ್ಟು ಜನರ ಎಷ್ಟು ವರ್ಷ ಉಳಿಸಿದೆಯೋ!

ಆರು ವಾರ ಕಳೆದು ಟೈಲರಮ್ಮ ಬರುತ್ತಾರೆ, ಮುಖ ಬಾಡಿ ಅರ್ಧ ಆಗಿದೆ. "ನಿಮ್ಮ ಬ್ರೆಡ್ಡು ತಿಂದು ಸತ್ತು ಹುಟ್ಟಿದೆ ಕಣ್ರೀ." ರಕ್ತ ಈ ಸಲ ಗುಟ್ಟು ಬಿಟ್ಟುಕೊಡುತ್ತದೆ. ಕರುಳಿನ ಚೂರು ತೆಗೆದು ನೋಡಿದಾಗಲೂ ಅದೇ ಉತ್ತರ. ರಿಪೋರ್ಟು ಹಿಡಿದು ಟೈಲರಮ್ಮ ಬಾಗಿಲಲ್ಲೇ ಅಳುತ್ತಾರೆ. "ಒಂಬತ್ತು ವರ್ಷ ಎಲ್ಲಾ ಮನಸ್ಸಿನ ಕಾಯಿಲೆ ಅಂದ್ರು. ಈಗ ನಮ್ಮತ್ತೆಗೆ ತೋರಿಸ್ತೀನಿ!"

ಈ ಪ್ರಶ್ನೆ ಕಲಿತದ್ದೆಲ್ಲಿ ಎಂದು ಕೇಳಿದರೆ ಸೂಜಿಯಕ್ಕ ಹತ್ತಿಯ ಡಬ್ಬಿ ಮುಚ್ಚುತ್ತಾರೆ. "ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ಹಾಗೆ. ನಮ್ಮಕ್ಕನಿಗೆ ಹೊಟ್ಟೆ ಸರಿ ಇರ್ಲಿಲ್ಲ. ಗೋಧಿ ಬಿಡು ಅಂದವಳೂ ನಾನೇ, ಮೂರು ತಿಂಗಳಾದ್ಮೇಲೆ ರಕ್ತ ತೆಗೆದವಳೂ ನಾನೇ. ಏನೂ ಇಲ್ಲ ಅಂತ ಬಂತು. ಖುಷಿಯಾಗಿ ಮತ್ತೆ ತಿನ್ನೋಕೆ ಶುರು ಮಾಡಿದಳು. ಐದು ವರ್ಷ ಕಳೆದು, ಕುರ್ಚಿಯಿಂದ ಜಾರಿದ್ದಕ್ಕೇ ಮಣಿಕಟ್ಟು ಮುರೀತು. ಕರುಳು ಕೆಟ್ಟು ತಿಂದದ್ದು ಮೈಗೆ ಹತ್ತದೆ ಮೂಳೆ ಅಷ್ಟು ಟೊಳ್ಳಾಗಿತ್ತು. ಆಗ ಗೊತ್ತಾಯ್ತು, ಅದೂ ಸೀಲಿಯಾಕ್ಕೇ ಅಂತ."

ಸೂಜಿಯಕ್ಕನ ಅಕ್ಕ ಈಗ ಹುಷಾರಾಗಿದ್ದಾರೆ. ಹೊರಗೆ ಮುಂದಿನವರು ಎದ್ದು ನಿಂತಿದ್ದಾರೆ. ಸೂಜಿಯಕ್ಕ ಮತ್ತೆ ಅಂಗೈ ಉಜ್ಜಿಕೊಳ್ಳುತ್ತಾರೆ.

"ಇವತ್ತಿಗೂ ನಮ್ಮಕ್ಕ ನನಗೆ ಒಂದು ಮಾತು ಅಂದಿಲ್ಲ. ಒಂದೇ ಒಂದ್ಸಲ ಚೆನ್ನಾಗಿ ಬೈದುಬಿಟ್ರೆ ಸಾಕು ನನಗೆ."