ಗುಂಡಿಯಕ್ಕನ ಮುಚ್ಚಳದ ಡಬ್ಬಿ

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಇಪ್ಪತ್ತೆರಡು ವರ್ಷದಿಂದ ಊರವರ ಉದ್ದ ಪ್ಯಾಂಟುಗಳನ್ನು ಗಿಡ್ಡ ಮಾಡುತ್ತ, ಬಿಗಿ ಅಂಗಿಗಳನ್ನು ಸಡಿಲ ಮಾಡುತ್ತ, ಕಳಚಿದ ಗುಂಡಿಗಳನ್ನೆಲ್ಲ ಮತ್ತೆ ಕೂರಿಸುತ್ತ ಬಂದವಳು ಗುಂಡಿಯಕ್ಕ. ಅವಳಿಗೆ ತನ್ನದು ಅಂತ ಇದ್ದದ್ದು ಎರಡೇ. ಒಂದು ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್ನು, ಇನ್ನೊಂದು ಲಾಡಿ. ಲಾಡಿ ಅಂದರೆ ಅಂಗಡಿಯ ಬೂದು ಹೆಣ್ಣು ಬೆಕ್ಕು. ಮರಿಯಾಗಿದ್ದಾಗ ಯಾರ ಪೈಜಾಮದ ಲಾಡಿ ಕಂಡರೂ ಹಾರಿ ನೇತುಬೀಳುತ್ತಿದ್ದಳು, ಅದಕ್ಕೇ ಆ ಹೆಸರು. "ಯಾಕಕ್ಕಾ, ಗಂಡ ಇಲ್ವಾ ನಿಮಗೆ?" ಎಂದು ಯಾರಾದರೂ ಕೆಣಕಿದರೆ ಉತ್ತರ ತಯಾರಾಗಿಯೇ ಇರುತ್ತಿತ್ತು: "ಅವ್ರು ಮನೆಗೆ ಸೇರಿದೋರು. ಲಾಡಿ ನನಗೆ ಸೇರಿದ್ದು."

ಮಿಷನ್ನಿನ ಬಲಕ್ಕೆ ಒಂದು ತಗಡಿನ ಡಬ್ಬಿ. ಕತ್ತರಿಸಿದ ದಾರ ಎಷ್ಟೇ ಚಿಕ್ಕದಿರಲಿ, ಅದರೊಳಗೆ ಹೋಗಬೇಕು, ಮುಚ್ಚಳ ಟಪ್ ಅನ್ನಬೇಕು. ಸಂಜೆ ಏಳುವ ಮುಂಚೆ ದಿಂಬಿಗೆ ಚುಚ್ಚಿದ ಹನ್ನೆರಡು ಸೂಜಿಗಳನ್ನು ಎಣಿಸಬೇಕು. ಇದು ಕೆಲಸ ಕಲಿಸಿದ ಮುದುಕ ಟೈಲರ್ ಮಾಸ್ತರರ ಕಟ್ಟುನಿಟ್ಟು. ಅವರ ಬೆಕ್ಕೊಂದು ದಾರ ನುಂಗಿಯೇ ಸತ್ತಿತ್ತಂತೆ. "ಬೆಕ್ಕಿನ ನಾಲಿಗೆ ತುಂಬಾ ಮುಳ್ಳು ಕಣಮ್ಮ, ಎಲ್ಲಾ ಒಳಮುಖ. ಬಾಯಿಗೆ ಹೋದ ದಾರ ಉಗುಳೋಕಾಗಲ್ಲ ಅದಕ್ಕೆ. ಒಳಗೆ ಹೋದ ಮೇಲೆ ಆ ದಾರ ಕರುಳನ್ನ ಹೆಂಗೆ ಮಾಡುತ್ತೆ ಗೊತ್ತಾ? ಲಾಡಿ ಎಳೆದ್ರೆ ಪೈಜಾಮ ಸುಕ್ಕಾಗಲ್ವಾ, ಹಂಗೆ." ಇಪ್ಪತ್ತೆರಡು ವರ್ಷದಲ್ಲಿ ಗುಂಡಿಯಕ್ಕ ಒಂದು ದಿನವೂ ಆ ಮಾತು ಮೀರಿದ್ದಿಲ್ಲ.

ಈ ಸಲದ ವರ್ಷಾಂತ್ಯಕ್ಕೆ ಅಂಗಡಿಯ ಮುಂಭಾಗದ ಗಾಜಿನ ಕಿಟಕಿಯಲ್ಲಿ ಅಲಂಕಾರದ ಮರ ನಿಲ್ಲಿಸಬೇಕೆಂದು ಯಜಮಾನರಿಗೆ ಹೊಳೆಯಿತು. ಹೊಳೆದರೆ ಹೊಳೆಯಲಿ, ಆದರೆ ಅದನ್ನು ಕಟ್ಟಿ ದಿನಾ ನೋಡಿಕೊಳ್ಳಲು ಕರೆದದ್ದು ಯಾರನ್ನು? ಗುಂಡಿಯಕ್ಕನ ಓರಗಿತ್ತಿಯನ್ನು! ಮೈದುನನ ಹೆಂಡತಿ. ಮನೆಯಲ್ಲಿ ಅವಳು ಮಾಡಿದ ಸಾರನ್ನೇ ಎಲ್ಲರೂ ಎರಡು ಸಲ ಬಡಿಸಿಕೊಳ್ಳುವುದು. ಅತ್ತೆಗೆ ತಲೆ ಬಾಚಲೂ ಅವಳೇ ಬೇಕು. ಇನ್ನು ಅಂಗಡಿಯೂ ಅವಳದ್ದೇ ಆಗುತ್ತದೆಯೋ ಏನೋ.

ಮರ ನಿಂತ ದಿನ ಗುಂಡಿಯಕ್ಕ ತಪ್ಪು ಹುಡುಕಲೆಂದೇ ಕನ್ನಡಕ ಒರೆಸಿಕೊಂಡು ಹೋದಳು. ಸೂಜಿಯಂಥ ಎಲೆಗಳ ಎತ್ತರದ ಮರ, ಸುತ್ತ ದೀಪದ ಸರ.

"ಅಕ್ಕಾ, ನೋಡಿ. ನಿಮ್ಮ ಲಾಡಿಗೋಸ್ಕರ ಕೆಳಗಿನ ಮೂರು ಸಾಲು ಬರೀ ಬಟ್ಟೆ ಗೊಂಬೆ ಕಟ್ಟಿದೀನಿ. ಗಾಜಿನ ಗುಂಡೆಲ್ಲಾ ಮೇಲೆ. ಜರಿ ಎಳೆ ಒಂದೂ ಹಾಕಿಲ್ಲ."

"ಲಾಡಿ ಮರ ಹತ್ತಿ ಕೆಡವಿದ್ರೆ?"

"ಮೇಲೆ ಕೊಕ್ಕೆಗೆ ಕಟ್ಟಿದೀನಲ್ಲ. ಕುಂಡದ ನೀರು ಕುಡೀಬಾರ್ದು ಅಂತ ತಟ್ಟೆ ಮುಚ್ಚಿದೀನಿ. ಬಾಗಿಲು ಹಾಕೋವಾಗ ದೀಪದ ವೈರೂ ಕಿತ್ತಿಡ್ತೀನಿ."

"ಮರ ಕಟ್ಟಿದ್ದು ಗಿರಾಕಿಗೋ ಬೆಕ್ಕಿಗೋ?"

"ಇಬ್ರಿಗೂ ಅಕ್ಕಾ," ಎಂದು ಓರಗಿತ್ತಿ ನಕ್ಕಳು.

ಒಂದಾದರೂ ತಪ್ಪು ಸಿಕ್ಕಿದ್ದರೆ ಗುಂಡಿಯಕ್ಕನಿಗೆ ಅವತ್ತು ಊಟ ಸೇರುತ್ತಿತ್ತು. ಸಿಗಲಿಲ್ಲ.

ಅದಕ್ಕಿಂತ ಉರಿಸಿದ್ದು ಲಾಡಿ. ದಿನಾ ಹನ್ನೊಂದಕ್ಕೆ ಸರಿಯಾಗಿ ಗುಂಡಿಯಕ್ಕನ ಮಡಿಲಿಗೆ ಬರುತ್ತಿದ್ದವಳು ಹೋಗಿ ಮರದ ಬುಡದಲ್ಲಿ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಉರುಟಿಕೊಂಡು ಮಲಗಿಬಿಟ್ಟಳು. ಬೀದಿಯ ಜನ ಗಾಜಿಗೆ ಮೂಗು ಒತ್ತಿ ನೋಡಿದ್ದೇ ನೋಡಿದ್ದು. "ನಿನ್ನ ಓರಗಿತ್ತಿ ಕೈಗುಣ ನೋಡಮ್ಮಾ, ಬೆಕ್ಕೂ ಸೋತುಹೋಯ್ತು!" ಎಂದರು ಯಜಮಾನರು. ಒಂದು ದಿನ, ಎರಡು ದಿನ, ಮೂರು ದಿನ. ಮಡಿಲು ತಣ್ಣಗೆ, ಹೊಟ್ಟೆಯೊಳಗೆ ಕೆಂಡ.

ನಾಲ್ಕನೆಯ ದಿನ ಗುಂಡಿಯಕ್ಕ ಉಣ್ಣೆಯ ಚೆಂಡೊಂದನ್ನು ಮಾಡಿ, ಗುಂಡಿ ಹೊಲಿಯುವ ಕೆಂಪು ದಾರಕ್ಕೆ ಕಟ್ಟಿ, ಮಿಷನ್ನಿನ ಚಕ್ರಕ್ಕೆ ನೇತುಹಾಕಿದಳು. ಹೌದು, ದಾರವನ್ನೇ. ಆ ಹೊತ್ತಿಗೆ ಅವಳಿಗೆ ಕಂಡದ್ದು ಬಿಳಿ ಬಟ್ಟೆಯ ಮೇಲಿನ ಬೆಕ್ಕು ಮಾತ್ರ, ಮಾಸ್ತರರಲ್ಲ. ಚೆಂಡು ತೂಗಿತು. ಲಾಡಿ ತಲೆ ಎತ್ತಿದಳು. ಬಂದೇಬಿಟ್ಟಳು!

"ನೋಡೇ, ನೋಡೇ, ಯಾರ ಹತ್ರ ಬಂದ್ಲು ಅಂತ!" ಗುಂಡಿಯಕ್ಕ ಹಿಂದಿನ ಕೋಣೆಯಿಂದಲೇ ಓರಗಿತ್ತಿಗೆ ಕೇಳುವಂತೆ ಕೂಗಿದಳು.

ಅಷ್ಟರಲ್ಲಿ ಸೊಂಟದ ಅಳತೆ ಕೊಡಲು ಒಬ್ಬ ದಪ್ಪ ಗಿರಾಕಿ ಬಂದ. ಟೇಪು ಹಿಡಿದು ಅವನನ್ನು ಒಂದು ಸುತ್ತು ಬಂದು ಮರಳುವಷ್ಟರಲ್ಲಿ ಲಾಡಿ ಮತ್ತೆ ಮರದ ಬುಡ ಸೇರಿದ್ದಳು. ಚೆಂಡು ನೆಲದ ಮೇಲೆ ಬಿದ್ದಿತ್ತು. "ಹೋಗು, ಅವಳ ಹತ್ರಾನೇ ಸಾಯಿ," ಎಂದು ಗೊಣಗಿ ಗುಂಡಿಯಕ್ಕ ಚೆಂಡನ್ನು ಮಿಷನ್ನಿನಡಿಗೆ ಒದ್ದಳು.

ಮರುದಿನ ಬೆಳಿಗ್ಗೆ ಲಾಡಿ ಬಟ್ಟಲು ಮೂಸಿಯೂ ನೋಡಲಿಲ್ಲ. ಮರದ ಕೆಳಗೆ ಎರಡು ಸಲ ವಾಂತಿ ಮಾಡಿಕೊಂಡು ಮುದುಡಿ ಕೂತಳು.

"ಮರದ್ದೇ ಏನೋ ತಿಂದಿದೆ," ಎಂದರು ಯಜಮಾನರು. "ಮೊದ್ಲು ಇದನ್ನ ಕಿತ್ತು ಹಾಕಿ. ಇನ್ನು ಈ ಅಲಂಕಾರಾನೂ ಬೇಡ, ಮಾಡೋರೂ ಬೇಡ."

ಗುಂಡಿಯಕ್ಕನೂ ಬಿಡಲಿಲ್ಲ. "ನಿನ್ನ ಥಳಕು ನನ್ನ ಲಾಡಿ ಜೀವ ತೆಗೀತು ಕಣೇ!"

ಓರಗಿತ್ತಿ ಕಣ್ಣೊರೆಸಿಕೊಳ್ಳುತ್ತ ಒಂದೊಂದೇ ಗೊಂಬೆಯ ಕಿವಿ, ಕಾಲು ಮುಟ್ಟಿ ನೋಡುತ್ತಿದ್ದಳು, ಎಲ್ಲಿ ಹರಿದಿದೆಯೋ ಎಂದು. ಆಸ್ಪತ್ರೆಗೆ ಹೊರಡಲು ಗುಂಡಿಯಕ್ಕ ಮಿಷನ್ನಿನಡಿಯ ಚಪ್ಪಲಿಗೆ ಬಗ್ಗಿದಾಗ ಕೈಗೆ ಸಿಕ್ಕಿದ್ದು ಉಣ್ಣೆಯ ಚೆಂಡು. ಬರೀ ಚೆಂಡು. ದಾರ ಚಕ್ರದಲ್ಲಿಲ್ಲ, ನೆಲದಲ್ಲಿಲ್ಲ, ಡಬ್ಬಿಯಲ್ಲಂತೂ ಇಲ್ಲವೇ ಇಲ್ಲ. ಕೈ ತಾನಾಗಿಯೇ ಸೂಜಿಗಳನ್ನು ಎಣಿಸಿತು. ಹನ್ನೆರಡು.

ಆಸ್ಪತ್ರೆಯವರೆಗೂ ಬುಟ್ಟಿಯನ್ನು ಓರಗಿತ್ತಿಯೇ ಹೊತ್ತಳು. ಗುಂಡಿಯಕ್ಕ ಪಕ್ಕದಲ್ಲಿ ಬಾಯಿ ಹೊಲಿದುಕೊಂಡವಳಂತೆ ನಡೆದಳು. ಸುಮ್ಮನಿದ್ದರೆ ಸಾಕು. ಮರ ಹೋಗುತ್ತದೆ, ಇವಳೂ ಹೋಗುತ್ತಾಳೆ. ಬೇಕಾಗಿದ್ದದ್ದು ಅದೇ ತಾನೇ?

ಪಶುವೈದ್ಯರು ಲಾಡಿಯ ಹೊಟ್ಟೆ ಒತ್ತಿ ನೋಡಿ ಕೇಳಿದರು, "ಏನು ನುಂಗಿರಬಹುದು?"

"ಗೊಂಬೆ ಬಟ್ಟೆ ಚೂರು ಇರ್ಬೇಕು ಡಾಕ್ಟ್ರೇ," ಎಂದಳು ಓರಗಿತ್ತಿ. "ನಂದೇ ತಪ್ಪು."

"ಚೂರು ಬಟ್ಟೆ ಆದ್ರೆ ನಾಳೆವರೆಗೆ ಕಾದು ನೋಡೋಣ. ದಾರ ಗೀರ ಆಗಿದ್ರೆ ಮಾತ್ರ ಕಾಯೋ ಹಾಗಿಲ್ಲ."

ನಾಳೆವರೆಗೆ. ಪೈಜಾಮದ ಸುಕ್ಕು ಗುಂಡಿಯಕ್ಕನ ಕಣ್ಣಿಗೆ ಕಟ್ಟಿತು.

"ದಾರ," ಎಂದಳು. ಮೇಜಿನ ಮೇಲೆ ಗೇಣು ಹಾಕಿ ತೋರಿಸಿದಳು. "ದಾರ ಡಾಕ್ಟ್ರೇ. ಕೆಂಪು, ಗುಂಡಿ ಹೊಲಿಯೋ ದಪ್ಪ ದಾರ. ಎರಡು ಗೇಣು, ಮೇಲೆ ಮೂರು ಬೆರಳು. ಸೂಜಿ ಇಲ್ಲ, ಎಣಿಸಿದೀನಿ. ಕಟ್ಟಿದ್ದು ನಾನೇ."

ವೈದ್ಯರು ಲಾಡಿಯ ಬಾಯಿ ತೆರೆದು ನಾಲಿಗೆ ಎತ್ತಿದರು. ಬುಡಕ್ಕೆ ಸುತ್ತಿಕೊಂಡಿದ್ದ ಕೆಂಪು ಎಳೆಯೊಂದು ಗಂಟಲೊಳಗೆ ಇಳಿದುಹೋಗಿತ್ತು. ಗುಂಡಿಯಕ್ಕನ ಕೈ ಮುಂದೆ ಹೋಯಿತು. "ಎಳೀಬೇಡಿ! ಕರುಳು ಹರಿಯುತ್ತೆ," ಎಂದು ಗದರಿ, ಅವರು ಅವತ್ತೇ ಆಪರೇಷನ್ ಮಾಡಿದರು. ಲಾಡಿ ಉಳಿದಳು.

ಹೊರಗಿನ ಬೆಂಚಿನ ಮೇಲೆ ಕೂತು ಓರಗಿತ್ತಿ ಅಂದಳು, "ಅಳತೆ ಮಾತ್ರ ಪಕ್ಕಾ ಹೇಳಿದ್ರಿ ಅಕ್ಕಾ. ನನ್ನ ಬೈಯೋಕೂ ಮುಂಚೆ ಒಂದು ಸಲ ಅಳೆದು ನೋಡ್ಬಹುದಿತ್ತು."

ಆಮೇಲೆ ವಾರ ಪೂರ್ತಿ ಒಬ್ಬಳು ಕಿಟಕಿಯಲ್ಲಿ, ಇನ್ನೊಬ್ಬಳು ಹಿಂದಿನ ಕೋಣೆಯಲ್ಲಿ. ಯಜಮಾನರಿಗೆ ನಡೆದದ್ದನ್ನು ಗುಂಡಿಯಕ್ಕನೇ ಹೇಳಿ ಬೈಸಿಕೊಂಡಳು. ಮರವೂ ಉಳಿಯಿತು, ಓರಗಿತ್ತಿಯೂ.

ಆಪರೇಷನ್ನಿಗೆ ಬೋಳಿಸಿದ ಹೊಟ್ಟೆ ಹೊತ್ತು, ಹೊಲಿಗೆ ನೆಕ್ಕದಂತೆ ಕೊರಳಿಗೊಂದು ದೊಡ್ಡ ಪಟ್ಟಿ ಕಟ್ಟಿಸಿಕೊಂಡು ಅಂಗಡಿಗೆ ಮರಳಿದ ಲಾಡಿ ನೆಟ್ಟಗೆ ಎಲ್ಲಿಗೆ ಹೋದಳು? ಮರದ ಬುಡಕ್ಕೇ. ಗುಂಡಿಯಕ್ಕ ನೋಡಿದಳು, ನೋಡಿದಳು. ಕೊನೆಗೆ ಒಂದು ಕೈಯಲ್ಲಿ ಸ್ಟೂಲು, ಇನ್ನೊಂದರಲ್ಲಿ ಡಬ್ಬಿ ಹಿಡಿದು, ಹೆಗಲ ಮೇಲೆ ನಾಲ್ಕು ಪ್ಯಾಂಟು ಹೊತ್ತುಕೊಂಡು ಓರಗಿತ್ತಿ ಕೂತಿದ್ದ ಕಿಟಕಿಗೇ ಬಂದಳು.

"ಸ್ವಲ್ಪ ಸರ್ಕೊಳ್ಳೇ."

"ಇಲ್ಲೆಲ್ಲಿ ಜಾಗ ಇದೆ ಅಕ್ಕಾ?" ಎನ್ನುತ್ತಲೇ ಓರಗಿತ್ತಿ ಸರಿದಳು.

ಲಾಡಿ ತಲೆಯನ್ನು ಓರಗಿತ್ತಿಯ ತೊಡೆಯ ಮೇಲಿಟ್ಟಳು, ಬಾಲವನ್ನು ಗುಂಡಿಯಕ್ಕನ ಪಾದದ ಮೇಲೆ. ಗುಂಡಿಯಕ್ಕ ಕಣ್ಣಲ್ಲೇ ಅಳೆದಳು. ಬಾಲಕ್ಕಿಂತ ತಲೆ ಹೆಚ್ಚು, ಯಾವ ಟೇಪಿನಲ್ಲಿ ಅಳೆದರೂ ಹೆಚ್ಚೇ. ಹೊಟ್ಟೆಯೊಳಗಿನ ಕೆಂಡ ಮಿಣ್ಣಗೆ ಹೊಳೆಯಿತು. ಪಾದ ಅಲುಗಿಸದೆ ದಾರ ಕತ್ತರಿಸಿದಳು, ಡಬ್ಬಿಗೆ ಹಾಕಿದಳು.

ಮುಚ್ಚಳ ಟಪ್ ಅಂದಿತು.